ಪೊಟ್ಟಣದೊಳಗಿನ ಬೂಷ್ಟು ಬದುಕಿದೆಯೇ?

ಕಳೆದ ಡಿಸೆಂಬರ್‌ನಲ್ಲಿ ಎರಡು ದಿನದ ಮಟ್ಟಿಗೆ ಹಾಸ್ಟೆಲ್‌ನಿಂದ ಊರಿಗೆ ಹೋಗಿದ್ದೆ. ಚಹಾ ಕುಡಿಯುವುದಕ್ಕೂ ಬಿಡದೆ ಅಬ್ಬಾ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ನಮ್ಮದು ವಿಜಯಪುರ ಜಿಲ್ಲೆಯ ಕರಿಮಣ್ಣಿನ ಹೊಲ. ಕಾಲುವೆ ನೀರು ಸಿಗುವ ಎರಡು ಎಕರೆಯಲ್ಲಿ ಗೋಧಿ ಹಾಕಿದ್ದರು. ತೆನೆ ಇನ್ನೂ ಹೊರಬಿದ್ದಿರಲಿಲ್ಲ. ಸುಳಿಯಲ್ಲಿ, ಎಲೆಯ ಬುಡದಲ್ಲಿ ಹೇನು ಗುಂಪುಗುಂಪಾಗಿ ಕೂತಿದ್ದವು. ಕೈಯಿಟ್ಟರೆ ಎಲೆಯೆಲ್ಲ ಅಂಟಂಟು. ಕೆಲವು ಕಡೆ ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದಿತ್ತು.

"ನೀನು ಸೈನ್ಸ್ ಓದ್ತೀಯಲ್ಲ, ಇದಕ್ಕೇನು ಹೇಳ್ತೀ?" ಎಂದರು ಅಬ್ಬಾ.

ನಾನು ಜಂಬದಿಂದ ಹೇಳಿದೆ: ವಿಷ ಹೊಡೆಯಬೇಡಿ, ಕೀಟಗಳಿಗೆ ರೋಗ ತರುವ ಶಿಲೀಂಧ್ರ ಇದೆ, ಪೊಟ್ಟಣದಲ್ಲಿ ಸಿಗುತ್ತದೆ, ಅದನ್ನು ಹೊಡೆಯಿರಿ. ಪಕ್ಕದ ಹೊಲದ ಕಾಕಾ ಅಲ್ಲೇ ನಿಂತಿದ್ದರು. "ಮೊದಲ ಬೂಷ್ಟು ಬಂದೈತಿ, ಅದರ ಮ್ಯಾಲ ಮತ್ತ ಬೂಷ್ಟು ಹೊಡಿಯೂದೇನವಾ?" ಎಂದು ನಕ್ಕರು. ಎಲೆಯ ಮೇಲಿನ ಕಪ್ಪು ಬೂಷ್ಟು ಬೇರೆ, ಹೇನನ್ನು ಕೊಲ್ಲುವ ಬೂಷ್ಟು ಬೇರೆ ಎಂದು ಅವರಿಗೆ ತಿಳಿಸಿ ಹೇಳಿ ನಾನು ಹಾಸ್ಟೆಲ್‌ಗೆ ಹಿಂದಿರುಗಿದೆ. ಅಬ್ಬಾ ನನ್ನ ಮಾತು ನಂಬಿ ಅಂಗಡಿಗೆ ಹೋಗಿ ಪೊಟ್ಟಣ ತಂದು ಹೊಡೆದರು. ಹತ್ತು ದಿನದ ನಂತರ ಫೋನ್ ಮಾಡಿದಾಗ ಹೇನು ಇದ್ದಲ್ಲೇ ಇದ್ದವು. ಇದ್ದಲ್ಲೇ ಏನು, ಇಮ್ಮಡಿಯಾಗಿದ್ದವು. ಕೊನೆಗೆ ಅಬ್ಬಾ ಎಲ್ಲರೂ ಹೊಡೆಯುವ ರಾಸಾಯನಿಕವನ್ನೇ ಹೊಡೆದರು. ಮೂರನೇ ದಿನಕ್ಕೆ ಗಿಡ ಸ್ವಚ್ಛ. ಹೇನು ತಿನ್ನುತ್ತಿದ್ದ ಗುಲಗಂಜಿ ಹುಳುಗಳೂ ಅದೇ ಹೊಡೆತಕ್ಕೆ ನೆಲಕ್ಕೆ ಬಿದ್ದಿದ್ದವು. ಅಂದಿನಿಂದ ನಮ್ಮ ಮನೆಯಲ್ಲಿ ಜೀವಶಾಸ್ತ್ರದ ಮರ್ಯಾದೆ ಸ್ವಲ್ಪ ಕಡಿಮೆಯಾಗಿದೆ.

ಆ ಬೂಷ್ಟು ಏಕೆ ಕೆಲಸ ಮಾಡಲಿಲ್ಲ ಎಂದು ಈ ಆರು ತಿಂಗಳಲ್ಲಿ ಓದಿ, ಕೇಳಿ, ಸ್ವಲ್ಪ ಮಾಡಿಯೂ ನೋಡಿದೆ. ನನ್ನ ಅಭಿಪ್ರಾಯ ಇಷ್ಟು: ಸೋತದ್ದು ಬೂಷ್ಟಲ್ಲ. ಅದು ಜೀವ ಇರುವ ವಸ್ತು ಎಂಬುದನ್ನು ಮಾರಿದವರೂ ಮರೆತಿದ್ದರು, ಹೊಡೆದವರೂ ಮರೆತಿದ್ದರು, ಹೇಳಿಕೊಟ್ಟ ನಾನಂತೂ ಮೊದಲೇ ಮರೆತಿದ್ದೆ. ಇದರಲ್ಲಿ ನಮ್ಮ ಕಾಲೇಜಿನಿಂದ ಆಗಬಹುದಾದ ಒಂದು ಕೆಲಸ ಇದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಸೂಕ್ಷ್ಮಜೀವಿಗಳಿಂದ ಮನುಷ್ಯನಿಗೆ ಆಗುವ ಉಪಯೋಗದ ಪಾಠವನ್ನು ಎಲ್ಲರೂ ಓದಿದ್ದೇವೆ. ಜೈವಿಕ ನಿಯಂತ್ರಣದ ಭಾಗದಲ್ಲಿ ಬಿಟಿ ಬ್ಯಾಕ್ಟೀರಿಯಾ ಇದೆ, ಟ್ರೈಕೋಡರ್ಮಾ ಇದೆ, ಬ್ಯಾಕ್ಯುಲೊ ವೈರಸ್ ಇದೆ. ಹೇನಿಗೆ ಗುಲಗಂಜಿ ಹುಳು ಎಂಬ ಒಂದು ಸಾಲೂ ಇದೆ. ಕೀಟಗಳನ್ನು ಕೊಲ್ಲುವ ಶಿಲೀಂಧ್ರದ ಮಾತೇ ಇಲ್ಲ. ಅಲ್ಲಿರುವ ಟ್ರೈಕೋಡರ್ಮಾ ಶಿಲೀಂಧ್ರವೇ ಹೌದು, ಆದರೆ ಅದು ಸಸ್ಯರೋಗ ತರುವ ಬೇರೆ ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತದೆ, ಹೇನಿನ ಮೇಲಲ್ಲ. ಅಂಗಡಿಯಲ್ಲಿ ಎರಡೂ ಒಂದೇ ಕಪಾಟಿನಲ್ಲಿ, ಹೆಚ್ಚುಕಡಿಮೆ ಒಂದೇ ತರಹದ ಪೊಟ್ಟಣದಲ್ಲಿ ಕೂತಿರುತ್ತವೆ. "ಜೈವಿಕ ಔಷಧ ಕೊಡ್ರಿ" ಎಂದು ಕೇಳಿದ ರೈತನಿಗೆ ಯಾವುದು ಕೈಗೆ ಬರುತ್ತದೋ ಹೇಳಲಾಗದು.

ಈ ವಿದ್ಯೆ ಹೊಸದೂ ಅಲ್ಲ. 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸ್ಸಿ ಎಂಬವರು ರೇಷ್ಮೆಹುಳುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ, ಗಟ್ಟಿಯಾಗಿ ಸಾಯುವ ರೋಗಕ್ಕೆ ಒಂದು ಶಿಲೀಂಧ್ರವೇ ಕಾರಣ ಎಂದು ತೋರಿಸಿದರು. ನಮ್ಮ ರಾಜ್ಯದ ರೇಷ್ಮೆ ಬೆಳೆಗಾರರು ಅದನ್ನು ಸುಣ್ಣಕಟ್ಟು ರೋಗ ಎನ್ನುತ್ತಾರೆ. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿ ಕಾರಣ ಎಂದು ಪಾಶ್ಚರ್‌ಗಿಂತ ಮೊದಲೇ ತೋರಿಸಿದ ಕೆಲಸ ಅದು. ಆ ಶಿಲೀಂಧ್ರಕ್ಕೆ ಬಾಸ್ಸಿಯ ಹೆಸರೇ ಉಳಿದು ಬ್ಯುವೇರಿಯಾ ಬ್ಯಾಸಿಯಾನಾ ಆಯಿತು. ಇನ್ನೊಂದು ಕಥೆ ಗೋಧಿಯದ್ದೇ. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ಕಂಡುಹಿಡಿದು 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್ ಅವರ ಹೆಸರು ನಮಗೆ ಗೊತ್ತು. ಅದಕ್ಕೂ ಮೊದಲು, 1879ರಲ್ಲಿ, ಅವರು ಒಡೆಸ್ಸಾ ಸೀಮೆಯಲ್ಲಿ ಗೋಧಿಗೆ ಬೀಳುತ್ತಿದ್ದ ಅನಿಸೊಪ್ಲಿಯಾ ಎಂಬ ದುಂಬಿಯ ಕಾಟಕ್ಕೆ ಉಪಾಯ ಹುಡುಕುತ್ತಿದ್ದರು. ಆ ದುಂಬಿಯ ಮರಿಹುಳುಗಳ ಮೈಮೇಲೆ ಹಸಿರು ಬೂಷ್ಟು ಕಂಡರು. ಅದನ್ನೇ ಬೆಳೆಸಿ ದುಂಬಿಯ ಮೇಲೆ ಬಿಟ್ಟರೆ ಹೇಗೆ ಎಂದು ಯೋಚಿಸಿದರು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವ ಮೆಟರೈಜಿಯಂ ಅನಿಸೊಪ್ಲಿಯೆ ಅದೇ. ಹೆಸರಿನ ಬಾಲದಲ್ಲಿ ಆ ಗೋಧಿ ದುಂಬಿ ಇನ್ನೂ ಕೂತಿದೆ.

ಹೇನಿನ ವಿಷಯದಲ್ಲಿ ಶಿಲೀಂಧ್ರವೇ ಏಕೆ ಬೇಕು? ಬಿಟಿಯಾಗಲಿ ಬ್ಯಾಕ್ಯುಲೊ ವೈರಸ್ ಆಗಲಿ ಹುಳುವಿನ ಹೊಟ್ಟೆಗೆ ಹೋಗಬೇಕು, ಆಗಲೇ ಕೆಲಸ. ಎಲೆ ಕಡಿದು ತಿನ್ನುವ ಹುಳುವಿಗೆ ಅದು ಸರಿ. ಹೇನು ಎಲೆ ತಿನ್ನುವುದಿಲ್ಲ. ಸೂಜಿಯಂಥ ಬಾಯಿಯನ್ನು ಗಿಡದೊಳಗೆ ಚುಚ್ಚಿ ರಸ ಹೀರುತ್ತದೆ. ಎಲೆಯ ಮೇಲೆ ಇವನ್ನು ಸಿಂಪಡಿಸಿದರೂ ಅದರ ಹೊಟ್ಟೆಗೆ ಹೋಗವು. ಶಿಲೀಂಧ್ರಕ್ಕೆ ಹೊಟ್ಟೆಯ ದಾರಿ ಬೇಕಿಲ್ಲ. ಅದರ ಬೀಜಕ ಹೇನಿನ ಮೈಗೆ ಅಂಟಿದರೆ ಸಾಕು. ಅಲ್ಲೇ ಮೊಳೆತು, ಕಿಣ್ವಗಳಿಂದ ಚರ್ಮವನ್ನು ಕರಗಿಸುತ್ತ, ಒತ್ತುತ್ತ ಒಳಗೆ ಇಳಿಯುತ್ತದೆ. ಒಳಗಿನ ರಸದಲ್ಲಿ ಬೆಳೆದು ನಾಲ್ಕರಿಂದ ಏಳು ದಿನದಲ್ಲಿ ಹೇನನ್ನು ಕೊಲ್ಲುತ್ತದೆ. ತೇವ ಇದ್ದರೆ ಸತ್ತ ಹೇನಿನ ಮೈಯಿಂದ ಮತ್ತೆ ಹೊರಬಂದು ಹೊಸ ಬೀಜಕಗಳನ್ನು ಹರಡುತ್ತದೆ. ಈ ಗುಂಪಿನಲ್ಲಿ ಹೇನು, ಬಿಳಿನೊಣ, ಶಲ್ಕ ಕೀಟಗಳಿಗೆ ಹೆಚ್ಚು ಹೊಂದುವುದು ಲೆಕಾನಿಸಿಲಿಯಂ ಲೆಕಾನಿ. ಹಳೆಯ ಪೊಟ್ಟಣಗಳ ಮೇಲೆ ವರ್ಟಿಸಿಲಿಯಂ ಎಂದಿರುತ್ತದೆ, ಎರಡೂ ಒಂದೇ.

ಈಗ ನಮ್ಮ ಹೊಲಕ್ಕೆ ಬರೋಣ. ಅಬ್ಬಾ ಖಾಲಿ ಪೊಟ್ಟಣವನ್ನು ಎಸೆದಿರಲಿಲ್ಲ, ದನದ ಕೊಟ್ಟಿಗೆಯ ಗೂಡಿನಲ್ಲಿ ಸಿಕ್ಕಿಸಿಟ್ಟಿದ್ದರು. ತಯಾರಾದ ತಿಂಗಳು ಏಪ್ರಿಲ್. ಅಬ್ಬಾ ಕೊಂಡದ್ದು ಡಿಸೆಂಬರ್. ಅವಧಿ ಮುಗಿದಿರಲಿಲ್ಲ, ನಿಜ. ಆದರೆ "ತಂಪಾದ ಒಣ ಜಾಗದಲ್ಲಿ ಇಡಿ" ಎಂದು ಅದೇ ಪೊಟ್ಟಣದ ಮೇಲೆ ಅಚ್ಚಾಗಿತ್ತು. ನಾನು ಆ ಅಂಗಡಿಯನ್ನು ನೋಡಿದ್ದೇನೆ. ತಗಡಿನ ಮಾಡು, ಎದುರಿಗೆ ರಸ್ತೆ, ಮಧ್ಯಾಹ್ನದ ಬಿಸಿಲೆಲ್ಲ ಕಪಾಟಿನ ಮೇಲೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತಿದೆ. ಇಂಥ ಪುಡಿಯಲ್ಲಿ ಒಂದು ಗ್ರಾಂಗೆ ಕನಿಷ್ಠ ಹತ್ತು ಕೋಟಿ ಜೀವಂತ ಬೀಜಕಗಳಿರಬೇಕು ಎಂದು ನಿಯಮ ಇದೆ. ತಯಾರಾದ ದಿನ ಅಷ್ಟು ಇದ್ದಿರಬಹುದು. ಆ ಬೇಸಿಗೆಯನ್ನು ತಗಡಿನ ಕೆಳಗೆ ಕಳೆದ ಮೇಲೆ ಎಷ್ಟು ಉಳಿದಿದ್ದವು? ಅಂಗಡಿಯವರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವಾಗ ಅಮ್ಮಿ ಹಾಲು ಬಿಸಿ ಇದೆಯೇ ಎಂದು ಬೆರಳಿಟ್ಟು ನೋಡುತ್ತಾರೆ, ಹೆಪ್ಪು ಸತ್ತರೆ ಮೊಸರಾಗುವುದಿಲ್ಲವಲ್ಲ. ಅಷ್ಟು ಜಾಗರೂಕತೆಯೂ ಈ ಪೊಟ್ಟಣದ ಪಾಲಿಗೆ ಇರಲಿಲ್ಲ.

ಎರಡನೆಯದು, ಹೊಡೆದ ಹೊತ್ತು. ಅಬ್ಬಾ ಹೊಡೆದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಆಳು ಸಿಕ್ಕಿದ್ದು ಆಗಲೇ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಈ ಬೀಜಕಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ಸಂಜೆ ಹೊಡೆದಿದ್ದರೆ ರಾತ್ರಿಯ ಇಬ್ಬನಿ ಸಿಗುತ್ತಿತ್ತು. ಹಿಂಗಾರಿ ಬೆಳೆ ಇಬ್ಬನಿ ಕುಡಿದು ಬೆಳೆಯುತ್ತದೆ ಎಂದು ನಮ್ಮ ದಾದಿ ಹೇಳುತ್ತಿದ್ದರು. ಈ ಬೂಷ್ಟಿಗಂತೂ ಆ ಮಾತು ಅಕ್ಷರಶಃ ಸತ್ಯ, ತೇವವಿಲ್ಲದೆ ಬೀಜಕ ಮೊಳೆಯುವುದೇ ಇಲ್ಲ.

ಮೂರನೆಯದನ್ನು ಕೇಳಿದಾಗ ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಗೋಧಿಗೆ ತುಕ್ಕು ರೋಗ ಬರುವ ಕಾಲ ಅದು, ನಮ್ಮ ಕಡೆ ಭಂಡಾರ ರೋಗ ಎನ್ನುತ್ತಾರೆ. ಹೇಗೂ ಪಂಪು ಹೊತ್ತಾಗಿದೆ, ಆಳಿನ ಕೂಲಿ ಉಳಿಯಲಿ ಎಂದು ಅಬ್ಬಾ ತುಕ್ಕಿನ ಔಷಧವನ್ನೂ ಅದೇ ಟ್ಯಾಂಕಿಗೆ ಹಾಕಿದ್ದರು. ತುಕ್ಕು ರೋಗವೂ ಶಿಲೀಂಧ್ರದಿಂದಲೇ ಬರುವುದು. ಅದರ ಔಷಧ ಎಂದರೆ ಶಿಲೀಂಧ್ರವನ್ನು ಕೊಲ್ಲುವ ವಿಷ. ಅಂದರೆ ಪೊಟ್ಟಣದಲ್ಲಿ ಅಲ್ಪಸ್ವಲ್ಪ ಬದುಕಿದ್ದ ಬೂಷ್ಟನ್ನು ಹೊಲ ಮುಟ್ಟುವ ಮೊದಲೇ ಟ್ಯಾಂಕಿನಲ್ಲಿ ಮುಗಿಸಿದ್ದೆವು. ಇದು ಅಬ್ಬಾ ಅವರ ತಪ್ಪೇ? ಇಪ್ಪತ್ತು ವರ್ಷದಿಂದ ಎರಡು ಔಷಧ ಕೂಡಿಸಿ ಹೊಡೆದವರು ಅವರು. ಕೂಡಿಸಬಾರದು ಎಂದು ನಾನಾದರೂ ಹೇಳಬೇಕಿತ್ತು. ನನಗೂ ಗೊತ್ತಿರಲಿಲ್ಲ.

ಇನ್ನು ಎದುರು ಮಾತನ್ನೂ ಕೇಳಬೇಕು. ನನ್ನ ಸಹಪಾಠಿಯೊಬ್ಬಳ ತಂದೆಯೂ ರೈತರು. ಅವಳು ಕೇಳಿದ ಪ್ರಶ್ನೆ ನೇರವಾಗಿತ್ತು: "ಸಂಜೆನೇ ಹೊಡೀಬೇಕು, ತೇವ ಇರಬೇಕು, ಬೇರೆ ಔಷಧ ಕೂಡಿಸಬಾರದು, ಐದಾರು ದಿನ ಕಾಯಬೇಕು. ಇಷ್ಟೆಲ್ಲ ನಾಜೂಕಿನ ವಸ್ತು ನಮ್ಮ ಹೊಲಕ್ಕೆ ಯಾಕೆ ಬೇಕು?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹೇನು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಆ ಮರಿ ಒಂದು ವಾರದಲ್ಲಿ ತಾನೂ ತಾಯಿಯಾಗುತ್ತದೆ. ಬೆಳೆಯುವಾಗ ಮತ್ತೆಮತ್ತೆ ಪೊರೆ ಕಳಚುತ್ತದೆ. ಬೀಜಕ ಒಳಗೆ ಇಳಿಯುವ ಮೊದಲೇ ಪೊರೆ ಕಳಚಿಬಿಟ್ಟರೆ ಬೂಷ್ಟು ಪೊರೆಯ ಜೊತೆಗೇ ನೆಲಕ್ಕೆ. ಹೇನು ತುಂಬಿ ತುಳುಕುವಾಗ ಹೊಡೆದರೆ ಬೂಷ್ಟು ಅದರ ಹಿಂದೆ ಓಡಿ ಮುಟ್ಟಲಾರದು. ಮಳೆಯಾಶ್ರಿತ ಹೊಲದಲ್ಲಿ, ಫೆಬ್ರವರಿಯ ಒಣ ಗಾಳಿಯಲ್ಲಿ ಇದನ್ನು ಹೊಡೆಯಿರಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ. "ಶೇಕಡಾ ನೂರು ಫಲಿತಾಂಶ" ಎಂದು ಅಂಗಡಿಯ ಗೋಡೆಗೆ ಹಚ್ಚುವ ಚೀಟಿಗಳು ಈ ವಿದ್ಯೆಗೆ ಮಾಡಿದಷ್ಟು ಹಾನಿಯನ್ನು ಹೇನೂ ಮಾಡಿಲ್ಲ.

ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ನೊಮೂರಿಯಾ ರಿಲೆಯಿ ಎಂಬ ಶಿಲೀಂಧ್ರವನ್ನು ಸೋಯಾ ಅವರೆ, ಶೇಂಗಾ ಬೆಳೆಗಳ ಎಲೆ ತಿನ್ನುವ ಹುಳುಗಳ ಮೇಲೆ ಬಳಸುವ ಕೆಲಸವನ್ನು ರೈತರ ಹೊಲದವರೆಗೆ ತಂದರು. ಅದು ಮುಂಗಾರಿನ ಬೆಳೆ, ಮೋಡ, ಜಿಟಿಜಿಟಿ ಮಳೆ, ಒತ್ತಾದ ಎಲೆ. ಬೂಷ್ಟಿಗೆ ಬೇಕಾದದ್ದೆಲ್ಲ ಅಲ್ಲಿದೆ. ಇಂಗ್ಲೆಂಡಿನಂಥ ತಂಪು ದೇಶದ ಗೋಧಿ ಹೊಲಗಳಲ್ಲಂತೂ ಯಾರೂ ಹೊಡೆಯದೆಯೇ ಪಂಡೋರಾ ಎಂಬ ಇನ್ನೊಂದು ಜಾತಿಯ ಶಿಲೀಂಧ್ರ ತಾನಾಗಿ ಬಂದು ಹೇನನ್ನು ಸವರಿಹಾಕುತ್ತದೆ. ನಮ್ಮ ಗೋಧಿ ಹಿಂಗಾರಿನದ್ದು, ಆ ಸೌಕರ್ಯ ನಮಗಿಲ್ಲ. ಆದರೆ ಕಾಲುವೆ ನೀರು ಬಂದ ಹೊಲದ ಲೆಕ್ಕ ಬೇರೆ. ನೀರು ಹಾಯಿಸಿದ ಮರುದಿನ ಗೋಧಿಯ ಬುಡದಲ್ಲಿ ಕೈಯಿಟ್ಟು ನೋಡಿ, ತಂಪು ತಿಳಿಯುತ್ತದೆ. ಡಿಸೆಂಬರ್‌ನಲ್ಲಿ, ಹೇನು ಇನ್ನೂ ಅಲ್ಲೊಂದು ಇಲ್ಲೊಂದು ಗುಂಪು ಇರುವಾಗ, ನೀರು ಹಾಯಿಸಿದ ದಿನದ ಸಂಜೆ, ಜೀವ ಇರುವ ಪುಡಿಯನ್ನು, ಬೇರೇನೂ ಕೂಡಿಸದೆ ಹೊಡೆಯಬೇಕು. ನಾನು ವಾದಿಸುವುದು ಇಷ್ಟೇ ಚಿಕ್ಕ ಜಾಗಕ್ಕಾಗಿ. ಅದಕ್ಕೂ ಮೊದಲು ಗುಲಗಂಜಿ ಹುಳು ಎಷ್ಟಿವೆ ನೋಡಬೇಕು. ಸಾಕಷ್ಟಿದ್ದರೆ ಏನನ್ನೂ ಹೊಡೆಯದೆ ಸುಮ್ಮನಿರುವುದೇ ಒಳ್ಳೆಯದು. ಪಂಜಾಬಿನಲ್ಲಿ ತೆನೆಯೊಂದಕ್ಕೆ ಐದು ಹೇನು ಕಂಡರೆ ಮಾತ್ರ ಸಿಂಪಡಿಸಿ ಎನ್ನುತ್ತಾರೆ. ನಾವು ಒಂದು ಗಿಡದಲ್ಲಿ ಕಂಡರೆ ಇಡೀ ಹೊಲಕ್ಕೆ ಹೊಡೆಯುತ್ತೇವೆ.

ಪುಡಿಗೆ ಜೀವ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಇದನ್ನು ನಾನು ಮನೆಯಲ್ಲೇ ಮಾಡಿ ನೋಡಿದೆ. ಎರಡು ಗಾಜಿನ ಬಾಟಲಿಗೆ ಒಂದೊಂದು ಹಿಡಿ ನೆನೆಸಿದ ಅಕ್ಕಿ ಹಾಕಿ, ಬಾಯಿಗೆ ಹತ್ತಿ ತುರುಕಿ, ಕುಕ್ಕರ್‌ನಲ್ಲಿ ಬೇಯಿಸಿದೆ. ಆರಿದ ಮೇಲೆ ಒಂದಕ್ಕೆ ಅಬ್ಬಾ ತಂದಿದ್ದ ಪೊಟ್ಟಣದಲ್ಲಿ ಉಳಿದಿದ್ದ ಚಿಟಿಕೆ ಪುಡಿ, ಇನ್ನೊಂದಕ್ಕೆ ಬೇರೆ ಕಡೆಯಿಂದ ತಂದ, ತಯಾರಾಗಿ ಒಂದು ತಿಂಗಳಾದ ಪುಡಿ ಹಾಕಿ ಕತ್ತಲೆಯ ಮೂಲೆಯಲ್ಲಿಟ್ಟೆ. "ಉಣ್ಣುವ ಅಕ್ಕಿಗೆ ಬೂಷ್ಟು ಹಿಡಿಸ್ತೀಯಾ" ಎಂದು ಅಮ್ಮಿ ಎರಡು ದಿನ ಮಾತು ಬಿಟ್ಟರು. ಎಂಟನೇ ದಿನಕ್ಕೆ ಹೊಸ ಪುಡಿಯ ಬಾಟಲಿಯಲ್ಲಿ ಅಕ್ಕಿಯ ಮೇಲೆ ಹತ್ತಿ ಹಾಸಿದಂತೆ ಬೆಳ್ಳನೆಯ ಬೂಷ್ಟು. ಹಳೆಯದರಲ್ಲಿ ಒಂದು ಮೂಲೆಗೆ ರೊಟ್ಟಿಯ ಮೇಲೆ ಬರುವಂಥ ಕಪ್ಪು ಬೂಷ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಬಾಟಲಿಯಿಂದ ಏನೂ ಸಾಬೀತಾಗುವುದಿಲ್ಲ ಎಂದು ನಮ್ಮ ಲೆಕ್ಚರರ್ ಹೇಳಿದರು, ಒಪ್ಪುತ್ತೇನೆ. ಬಿಚ್ಚಿದ ಪೊಟ್ಟಣ ಅಷ್ಟು ದಿನ ಕೊಟ್ಟಿಗೆಯಲ್ಲಿತ್ತು ಎಂಬುದೂ ನಿಜ. ಹೋಲಿಸಲು ಪುಡಿ ಹಾಕದ ಮೂರನೇ ಬಾಟಲಿ ಇಡಬೇಕಿತ್ತು, ಒಂದೊಂದು ಪುಡಿಗೆ ಐದಾರು ಬಾಟಲಿ ಬೇಕಿತ್ತು, ಪೊಟ್ಟಣ ಅಂಗಡಿಯಿಂದ ನೇರವಾಗಿ ಬರಬೇಕಿತ್ತು.

ಇದಕ್ಕೇ ನಾನು ಕಾಲೇಜಿನ ಕಡೆ ತಿರುಗುತ್ತಿರುವುದು. ನಮ್ಮ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ಇದೆ, ಪೆಟ್ರಿ ತಟ್ಟೆ ಇವೆ. ಆಲೂಗಡ್ಡೆ ಬೇಯಿಸಿದ ನೀರಿಗೆ ಗ್ಲೂಕೋಸ್, ಅಗರ್ ಹಾಕಿದರೆ ಶಿಲೀಂಧ್ರ ಬೆಳೆಸುವ ಮಾಧ್ಯಮ ಆಗುತ್ತದೆ, ಖರ್ಚು ದೊಡ್ಡದಲ್ಲ. ಪ್ರತಿ ವರ್ಷ ವಿಜ್ಞಾನ ಪ್ರದರ್ಶನಕ್ಕೆ ನಾವು ಥರ್ಮೋಕೋಲ್‌ನಲ್ಲಿ ಜ್ವಾಲಾಮುಖಿ ಮಾಡುತ್ತೇವೆ. ವಿಜಯಪುರ ಜಿಲ್ಲೆಯಲ್ಲಿ ಜ್ವಾಲಾಮುಖಿ ಕಂಡವರು ಯಾರೂ ಇಲ್ಲ. ಹಾಸ್ಟೆಲ್‌ನಲ್ಲಿರುವ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರೈತರ ಮಕ್ಕಳು. ದಸರಾ ರಜೆ ಮುಗಿಸಿ ಬರುವಾಗ ತಮ್ಮ ತಮ್ಮ ಊರಿನ ಅಂಗಡಿಯಿಂದ ಒಂದೊಂದು ಪೊಟ್ಟಣ ತಂದರೆ, ತಯಾರಾದ ತಿಂಗಳು, ಅಂಗಡಿಯಲ್ಲಿ ಇಟ್ಟಿದ್ದ ಜಾಗ ಬರೆದುಕೊಂಡು ಬಂದರೆ, ನವೆಂಬರ್ ಒಳಗೆ ಯಾವ ಪುಡಿ ಮೊಳೆಯುತ್ತದೆ, ಯಾವುದು ಬರೀ ಟಾಲ್ಕ್ ಎಂದು ನಾವೇ ನೋಡಿಬಿಡಬಹುದು. ಹೇನಿಗೆ ಸಿಂಪಡಿಸುವ ಕಾಲ ಬರುವುದು ಡಿಸೆಂಬರ್‌ನಲ್ಲಿ. ಫಲಿತಾಂಶವನ್ನು ಅಂಗಡಿಯವರಿಗೆ ತೋರಿಸೋಣ, ಬೈಯಲಿಕ್ಕಲ್ಲ. ಜೈವಿಕ ಪೊಟ್ಟಣವನ್ನು ಹಾಲಿನ ಪಾಕೀಟಿನ ಹಾಗೆ ನೆರಳಿನಲ್ಲಿ, ತಂಪಿನಲ್ಲಿ ಇಡಿ, ಬೇಸಿಗೆ ಕಳೆದ ಹಳೆ ದಾಸ್ತಾನನ್ನು ಹಿಂಗಾರಿಗೆ ಮಾರಬೇಡಿ ಎಂದು ಕೇಳಲಿಕ್ಕೆ. ಕೈಯಲ್ಲಿ ತಟ್ಟೆ ಇದ್ದರೆ ಕೇಳುವುದಕ್ಕೆ ಒಂದು ತೂಕ ಇರುತ್ತದೆ.

ಒಂದು ಎಚ್ಚರಿಕೆಯನ್ನು ಬಿಡುವಂತಿಲ್ಲ. ರೇಷ್ಮೆ ಸಾಕುವ ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಬ್ಯುವೇರಿಯಾ ಪೊಟ್ಟಣವನ್ನು ಮನೆಗೆ ಒಯ್ಯಬೇಡಿ, ಹಿಪ್ಪುನೇರಳೆ ತೋಟದ ಹತ್ತಿರ ಹೊಡೆಯಬೇಡಿ. ಬಾಸ್ಸಿ ಕಂಡ ಸುಣ್ಣಕಟ್ಟು ಅದೇ. "ಜೈವಿಕ" ಎಂದ ಮಾತ್ರಕ್ಕೆ ಎಲ್ಲರಿಗೂ ನಿರಪಾಯ ಎಂದು ತಿಳಿಯುವುದು ನಾನು ಮಾಡಿದಂಥದ್ದೇ ಇನ್ನೊಂದು ತಪ್ಪು. ಪುಡಿಯನ್ನು ಕೈಯಾಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನೂ ಮರೆಯಬಾರದು, ಕೆಲವರಿಗೆ ಅಲರ್ಜಿ ಆಗುತ್ತದೆ.

ರಾಸಾಯನಿಕ ಹೊಡೆದ ಆ ದಿನ ಅಬ್ಬಾ ಸಂಜೆ ಮನೆಗೆ ಬಂದು ತಲೆನೋವೆಂದು ಊಟ ಮಾಡದೆ ಮಲಗಿದ್ದರು ಎಂದು ಅಮ್ಮಿ ಬಹಳ ದಿನದ ಮೇಲೆ ಹೇಳಿದರು. ಫೋನ್‌ನಲ್ಲಿ ನನಗೆ ಹೇಳಿರಲಿಲ್ಲ. ಅದೇ ಗೋಧಿಯ ಹಿಟ್ಟಿನ ಚಪಾತಿಯನ್ನು ನಾನು ಹಾಸ್ಟೆಲ್‌ಗೆ ಕಟ್ಟಿಸಿಕೊಂಡು ಬರುತ್ತೇನೆ.

ಈ ವರ್ಷ ಮತ್ತೊಮ್ಮೆ ನೋಡೋಣ ಎಂದು ಕೇಳಿದಾಗ ಅಬ್ಬಾ ತುಂಬ ಹೊತ್ತು ಯೋಚಿಸಿ, ಕಾಲುವೆ ಬದಿಯ ನಾಲ್ಕು ಸಾಲು ನಿನಗೆ ಎಂದಿದ್ದಾರೆ. ನಾನು ಅರ್ಧ ಎಕರೆ ಕೇಳುತ್ತಿದ್ದೇನೆ. ಪುಡಿ ಮೊಳೆತ ತಟ್ಟೆಯನ್ನು ಮೊದಲು ತಂದು ತೋರಿಸು, ಆಮೇಲೆ ಮಾತಾಡೋಣ ಎನ್ನುತ್ತಾರೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿನಿ